ಮೊದಲ ಕಂಪ್ಯೂಟರ್ ಜೋಡಿಸುವವರಿಗೆ: ಪ್ರೊಸೆಸರ್, ಮದರ್‌ಬೋರ್ಡ್ ಜೋಡಿ ಆರಿಸುವ ಬಗೆ

ಮಂಡ್ಯದಿಂದ ಅಕ್ಕನ ಮಗಳು ವಾಟ್ಸಾಪ್‌ನಲ್ಲಿ ಒಂದು ಕೊಟೇಶನ್‌ನ ಫೋಟೋ ಕಳಿಸಿದಳು. ಈ ವರ್ಷ ಇಂಜಿನಿಯರಿಂಗ್ ಸೇರಿದ್ದಾಳೆ. ಮನೆಗೆ ಒಂದು ಡೆಸ್ಕ್‌ಟಾಪ್ ಬೇಕು. "ಮಾವ, ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ, ಎಲ್ಲಾ ಸೇರಿ ಇಷ್ಟು ಕಡಿಮೆಗೆ ಕೊಡ್ತಾರಂತೆ. ತಗೊಂಡುಬಿಡ್ಲಾ?" ಅಂತ ಕೇಳಿದಳು.

ಫೋಟೋ ದೊಡ್ಡದು ಮಾಡಿ ನೋಡಿದೆ. ಐ7 ಪಕ್ಕದಲ್ಲಿ 3770 ಅಂತ ಇತ್ತು. ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡ್ ಎಚ್61.

ಕೋರ್ ಐ7 3770 ಮಾರುಕಟ್ಟೆಗೆ ಬಂದದ್ದು 2012ರಲ್ಲಿ. ಆ ಕಾಲಕ್ಕೆ ಅದು ಗಟ್ಟಿ ಪ್ರೊಸೆಸರ್ರೇ. ಆದರೆ ಅದಕ್ಕೆ ಹಾಕುವುದು ಹಳೇ ತಲೆಮಾರಿನ ಡಿಡಿಆರ್3 ರ‍್ಯಾಮ್. ವಿಂಡೋಸ್ 11 ಅದನ್ನು ಒಪ್ಪುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಅಂದರೆ ಮನೆಗೆ ಬಂದ ದಿನವೇ ಅದು ಹಳೆಯದು. ಬೋರ್ಡ್ ಹೊಸ ಡಬ್ಬಿಯಲ್ಲಿ ಬರುತ್ತದೆ, ನಿಜ. ಆದರೆ ಅದರಲ್ಲಿ ಕೂರುವ ಪ್ರೊಸೆಸರ್ ಸಾಮಾನ್ಯವಾಗಿ ಯಾವುದೋ ಹಳೇ ಮಷೀನಿನಿಂದ ಬಿಚ್ಚಿದ್ದಾಗಿರುತ್ತದೆ.

ಅದೇ ವಾರ ರೈಲು ಹತ್ತಿ ಮಂಡ್ಯಕ್ಕೆ ಹೋದೆ. ಊಟ ಆದ ಮೇಲೆ ಭಾವನಿಗೂ ವಿಷಯ ಹೇಳಿದೆ. ಭಾವ ಆಲೆಮನೆ ನಡೆಸುವವರು, ಹಳ್ಳಿಕಾರ್ ಎತ್ತು ಕಟ್ಟಿದವರು. ಕೇಳಿಸಿಕೊಂಡು, "ಹಂಗಾದ್ರೆ ಇದಕ್ಕೂ ಹಲ್ಲು ನೋಡ್ಬೇಕು ಅನ್ನು" ಅಂದರು. ಸರಿಯಾದ ಮಾತು. ಎತ್ತಿನ ವಯಸ್ಸು ಹಲ್ಲಿನಲ್ಲಿ ಗೊತ್ತಾಗುತ್ತದೆ, ಪ್ರೊಸೆಸರ್ ವಯಸ್ಸು ಅದರ ಅಂಕಿಯಲ್ಲಿ. ಇನ್ನೊಂದು ವಿಷಯವೂ ಹಾಗೇ. ಜೋಡಿ ಎತ್ತು ಕೊಳ್ಳುವವರು ಒಂದನ್ನು ಮಾತ್ರ ನೋಡಿ ಬೆಲೆ ಕಟ್ಟುವುದಿಲ್ಲ. ಪ್ರೊಸೆಸರ್ ಮತ್ತು ಮದರ್‌ಬೋರ್ಡನ್ನೂ ಒಟ್ಟಿಗೇ ಆರಿಸಬೇಕು, ಒಟ್ಟಿಗೇ ಕೊಳ್ಳಬೇಕು. ಮೊದಲು ಪ್ರೊಸೆಸರ್ ತಂದಿಟ್ಟು, ಬೋರ್ಡ್ ಆಮೇಲೆ ನೋಡೋಣ ಅಂದವರೇ ಜಾಸ್ತಿ ತೊಂದರೆಗೆ ಸಿಕ್ಕಿಕೊಳ್ಳುವುದು.

ಅವಳಿಗೆ ಆ ದಿನದಿಂದ ಹೇಳಿಕೊಡುತ್ತಾ ಬಂದದ್ದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ಹೆಜ್ಜೆ 1: ಕೆಲಸ ಏನು ಅಂತ ಬರೆದಿಡಿ

ಅಂಗಡಿಗೆ ಹೋಗುವ ಮೊದಲು ಒಂದು ಹಾಳೆ ತಗೊಳ್ಳಿ. ಆ ಕಂಪ್ಯೂಟರ್‌ನಲ್ಲಿ ಮನೆಯವರೆಲ್ಲ ಸೇರಿ ಏನೇನು ಮಾಡುತ್ತೀರಿ ಅಂತ ಬರೆಯಿರಿ. ನಮ್ಮ ಹುಡುಗಿ ಬರೆದದ್ದು: ಕಾಲೇಜಿನ ಕೋಡಿಂಗ್, ಆಲೆಮನೆಯಲ್ಲಿ ತೆಗೆದ ವಿಡಿಯೋಗಳ ಎಡಿಟಿಂಗ್, ಅಪ್ಪನ ಟ್ಯಾಲಿ ಲೆಕ್ಕ, ರಜೆಯಲ್ಲಿ ಸ್ವಲ್ಪ ಗೇಮ್.

ಟೈಪಿಂಗ್, ಟ್ಯಾಲಿ, ಬ್ರೌಸಿಂಗ್, ಆನ್‌ಲೈನ್ ಕ್ಲಾಸ್ ಇಷ್ಟೇ ಆದರೆ ಹೊಸ ಕಾಲದ 4 ಕೋರ್ ಪ್ರೊಸೆಸರ್ ಧಾರಾಳವಾಯಿತು (ಕೋರ್ ಅಂದರೆ ಪ್ರೊಸೆಸರ್ ಒಳಗೆ ತಾನೇ ಕೆಲಸ ಮಾಡುವ ಒಂದು ಘಟಕ). ಕೋಡಿಂಗ್, ಸಾಧಾರಣ ವಿಡಿಯೋ ಎಡಿಟಿಂಗ್, ಗೇಮ್ ಇದ್ದರೆ 6 ಕೋರ್ ನೋಡಿ. 4ಕೆ ವಿಡಿಯೋ ದಿನಾ ಎಡಿಟ್ ಮಾಡುವವರು, 3ಡಿ ಕೆಲಸದವರು 8 ಕೋರ್ ಅಥವಾ ಮೇಲಿನದಕ್ಕೆ ಹೋಗಬಹುದು. ಮೊದಲ ಕಂಪ್ಯೂಟರ್ ಕಟ್ಟುವ ಹೆಚ್ಚಿನವರಿಗೆ 6 ಕೋರ್ ಸರಿಯಾದ ಜಾಗ ಅನ್ನುವುದು ನನ್ನ ಅನುಭವ. ಉಳಿದ ದುಡ್ಡು ಕರೆಂಟ್ ಒದಗಿಸುವ ಒಳ್ಳೆಯ ಎಸ್‌ಎಂಪಿಎಸ್‌ಗೆ, ಎಸ್‌ಎಸ್‌ಡಿಗೆ ಹೋಗಲಿ.

ಹೆಜ್ಜೆ 2: ಪ್ರೊಸೆಸರ್ ಹೆಸರು ಓದಲು ಕಲಿಯಿರಿ

ಐ3, ಐ5, ಐ7 ಅನ್ನುವುದು ದರ್ಜೆ ಮಾತ್ರ. ವಯಸ್ಸು ಇರುವುದು ಅದರ ಮುಂದಿನ ಅಂಕಿಯಲ್ಲಿ. ಐ5 12400 ತಗೊಳ್ಳಿ. ಮೊದಲ ಎರಡು ಅಂಕಿ, ಅಂದರೆ 12, ಅದರ ಜನರೇಷನ್. ಉಳಿದ 400 ಅದೇ ಜನರೇಷನ್ ಒಳಗಿನ ಸ್ಥಾನ. ಐ7 3770ರಲ್ಲಿ ಮೊದಲ ಅಂಕಿ 3. ಮೂರನೇ ಜನರೇಷನ್.

2022ರ ಜನವರಿಯಲ್ಲಿ ಬಂದ ಐ3 12100ಕ್ಕೂ ಆ ಹಳೇ ಐ7ಗೂ ಕೋರ್ ಲೆಕ್ಕ ಒಂದೇ: 4 ಕೋರ್, 8 ಥ್ರೆಡ್ (ಥ್ರೆಡ್ ಅಂದರೆ ಒಟ್ಟಿಗೆ ನಡೆಸಬಹುದಾದ ಕೆಲಸದ ಎಳೆ). ಆದರೆ ಕೆಲಸಕ್ಕೆ ಇಳಿಸಿದರೆ ಐ3 ಬಹಳ ಮುಂದೆ. ಒಂದೊಂದು ಕೋರ್ ಮಾಡುವ ಕೆಲಸವೇ ಈ ಹತ್ತು ವರ್ಷದಲ್ಲಿ ಅಷ್ಟು ಬದಲಾಗಿದೆ. ಹಾಗಾಗಿ "ಐ7 ಇದೆ" ಅಂತ ಯಾರಾದರೂ ಹೇಳಿದರೆ, "ಪೂರ್ತಿ ನಂಬರ್ ಹೇಳಿ" ಅಂತ ಕೇಳಿ. ಪೂರ್ತಿ ನಂಬರ್ ಇಲ್ಲದ ಕೊಟೇಶನ್‌ಗೆ ದುಡ್ಡು ಕೊಡಬೇಡಿ.

2024ರ ಅಕ್ಟೋಬರ್‌ನಿಂದ ಇಂಟೆಲ್ ಡೆಸ್ಕ್‌ಟಾಪ್‌ನಲ್ಲಿ ಹೆಸರಿನ ಕ್ರಮ ಬದಲಾಯಿಸಿತು. ಈಗ ಕೋರ್ ಅಲ್ಟ್ರಾ 5, ಅಲ್ಟ್ರಾ 7 ಅಂತ ಬರುತ್ತವೆ. ನಂಬರ್ 225, 245, 265 ಹೀಗೆ.

ಎಎಂಡಿಯ ರೈಝನ್‌ನಲ್ಲಿ ರೈಝನ್ 5, ರೈಝನ್ 7 ದರ್ಜೆ. 5600, 7600, 9600ರ ಮೊದಲ ಅಂಕಿ ಸರಣಿ. 5000 ಸರಣಿ 2020ರದ್ದು, 7000 ಸರಣಿ 2022ರದ್ದು, 9000 ಸರಣಿ 2024ರದ್ದು. 5000 ಸರಣಿಗೆ ಆಮೇಲೂ ಹೊಸ ಮಾಡೆಲ್‌ಗಳು ಸೇರುತ್ತಾ ಬಂದವು. ಆದ್ದರಿಂದ ಅದನ್ನು ಹಳೆಯದು ಅಂತ ತಳ್ಳಿಹಾಕುವಂತಿಲ್ಲ.

ಕೊನೆಯ ಅಕ್ಷರವನ್ನೂ ನೋಡಿ. ಇಂಟೆಲ್‌ನಲ್ಲಿ ಕೊನೆಗೆ ಕೆ ಇದ್ದರೆ ಓವರ್‌ಕ್ಲಾಕ್ ಮಾಡಬಹುದು, ಅಂದರೆ ನಿಗದಿಗಿಂತ ವೇಗ ಏರಿಸಬಹುದು, ಆದರೆ ಡಬ್ಬಿಯಲ್ಲಿ ಅದನ್ನು ತಂಪಿಡುವ ಕೂಲರ್ ಬರುವುದಿಲ್ಲ. ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ರೈಝನ್‌ನಲ್ಲಿ ಜಿ ಇದ್ದರೆ ಒಳಗೆ ಸ್ವಲ್ಪ ಗಟ್ಟಿ ಗ್ರಾಫಿಕ್ಸ್ ಇದೆ. ಎಕ್ಸ್3ಡಿ ಇದ್ದರೆ ಕ್ಯಾಶ್, ಅಂದರೆ ಪ್ರೊಸೆಸರ್ ಒಳಗಿನ ವೇಗದ ಮೆಮೊರಿ, ದೊಡ್ಡದು. ಉದಾಹರಣೆಗೆ 7800ಎಕ್ಸ್3ಡಿಯಲ್ಲಿ ಎಲ್3 ಕ್ಯಾಶ್ 96 ಎಂಬಿ. ಅದು ಗೇಮ್ ಆಡುವವರಿಗೆ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಅದನ್ನು ತಗೊಂಡರೆ ದುಡ್ಡು ಸುಮ್ನೆ ಕೂತಿರುತ್ತದೆ.

ಹೆಜ್ಜೆ 3: ಒಳಗೆ ಗ್ರಾಫಿಕ್ಸ್ ಇದೆಯಾ?

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಾನೇ ಇದರಲ್ಲಿ ಬಿದ್ದಿದ್ದೇನೆ.

2020ರಲ್ಲಿ ಮೈಸೂರಿನ ಸರಸ್ವತಿಪುರಂನ ಮನೆಯಲ್ಲಿ ನನ್ನ ಮೊದಲ ಕಂಪ್ಯೂಟರ್ ಜೋಡಿಸಿದೆ. ರೈಝನ್ 5 3600 ಮತ್ತು ಒಂದು ಬಿ450 ಬೋರ್ಡ್. ಬೋರ್ಡಿನ ಹಿಂದೆ ಎಚ್‌ಡಿಎಂಐ ಇತ್ತು. ಎಚ್‌ಡಿಎಂಐ ಇದೆ ಅಂದ ಮೇಲೆ ಪರದೆ ಬಂದೇ ಬರುತ್ತದೆ ಅಂತ ನಂಬಿದ್ದೆ. ಗುಂಡಿ ಒತ್ತಿದೆ. ಫ್ಯಾನ್ ತಿರುಗಿತು, ಲೈಟ್ ಬಂತು, ಪರದೆ ಮಾತ್ರ ಕಪ್ಪು. ರ‍್ಯಾಮ್ ತೆಗೆದು ಹಾಕಿದೆ, ಕೇಬಲ್ ಬದಲಿಸಿದೆ, ಬೋರ್ಡೇ ಸುಟ್ಟಿದೆ ಅಂದುಕೊಂಡೆ. ರಾತ್ರಿ ಎರಡು ಗಂಟೆವರೆಗೆ ಕೂತಿದ್ದೆ. ಮರುದಿನ ಸ್ನೇಹಿತನ ಹಳೇ ಗ್ರಾಫಿಕ್ಸ್ ಕಾರ್ಡ್ ತಂದು ಹಾಕಿದ ಕೂಡಲೇ ಪರದೆ ಬಂತು.

ಬೋರ್ಡಿನಲ್ಲಿ ಇರುವ ಎಚ್‌ಡಿಎಂಐ ಬರೀ ಬಾಗಿಲು. ಚಿತ್ರ ತಯಾರಾಗುವುದು ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಲ್ಲಿ. 3600ರಲ್ಲಿ ಅದು ಇರಲೇ ಇಲ್ಲ.

ಈಗಿನ ಲೆಕ್ಕ ಹೀಗಿದೆ. ಎಎಂ4 ಸಾಕೆಟ್‌ನ ರೈಝನ್ 5500, 5600ರಲ್ಲಿ ಗ್ರಾಫಿಕ್ಸ್ ಇಲ್ಲ. 5600ಜಿಯಲ್ಲಿ ಇದೆ. 7000 ಮತ್ತು 9000 ಸರಣಿಯಲ್ಲಿ ಪರದೆ ಬರುವಷ್ಟು ಸಣ್ಣ ಗ್ರಾಫಿಕ್ಸ್ ಇರುತ್ತದೆ, ಆದರೆ 7500ಎಫ್ ಥರ ಕೊನೆಗೆ ಎಫ್ ಇದ್ದರೆ ಇಲ್ಲ. 8600ಜಿಯಲ್ಲಿ ಇವೆಲ್ಲಕ್ಕಿಂತ ಗಟ್ಟಿಯಾದದ್ದಿದೆ. ಇಂಟೆಲ್ ಐ3 12100, ಐ5 12400ರಲ್ಲಿ ಇದೆ. 12100ಎಫ್, 12400ಎಫ್‌ನಲ್ಲಿ ಇಲ್ಲ.

ಗ್ರಾಫಿಕ್ಸ್ ಕಾರ್ಡನ್ನು ಇವತ್ತೇ ಕೊಳ್ಳುತ್ತೀರಾ? ಹಾಗಾದರೆ ಎಫ್ ತಗೊಂಡು ಸ್ವಲ್ಪ ಉಳಿಸಬಹುದು. ಮುಂದೆ ನೋಡೋಣ ಅನ್ನುವವರು ಒಳಗೆ ಗ್ರಾಫಿಕ್ಸ್ ಇರುವುದನ್ನೇ ತಗೊಳ್ಳಿ. ನಾನಂತೂ ಮೊದಲ ಕಂಪ್ಯೂಟರ್‌ಗೆ ಅದನ್ನೇ ಹೇಳುತ್ತೇನೆ. ನಾಳೆ ಕಾರ್ಡ್ ಕೆಟ್ಟು ರಿಪೇರಿಗೆ ಹೋದರೂ ಕಂಪ್ಯೂಟರ್ ನಿಲ್ಲುವುದಿಲ್ಲ.

ಕಾರ್ಡ್ ಇಲ್ಲದೆ ನಡೆಸುವವರಿಗೆ ಇನ್ನೊಂದು ಮಾತು. ಒಳಗಿನ ಗ್ರಾಫಿಕ್ಸ್ ನಿಮ್ಮ ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. 16 ಜಿಬಿಯ ಒಂದೇ ಸ್ಟಿಕ್ ಬದಲು 8 ಜಿಬಿಯ ಎರಡು ಹಾಕಿದರೆ ಎರಡು ದಾರಿಯಲ್ಲಿ ಡೇಟಾ ಓಡಾಡುತ್ತದೆ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ, ಅದರಲ್ಲೂ ರೈಝನ್ ಜಿ ಮಾಡೆಲ್‌ಗಳಲ್ಲಿ.

ಹೆಜ್ಜೆ 4: ಸಾಕೆಟ್ ತೀರ್ಮಾನಿಸಿ

ಪ್ರೊಸೆಸರ್ ಕೂರುವ ಗೂಡೇ ಸಾಕೆಟ್. ಪ್ರೊಸೆಸರ್‌ದೂ ಬೋರ್ಡಿನದೂ ಒಂದೇ ಸಾಕೆಟ್ ಆಗಿರಬೇಕು. ಇಲ್ಲದಿದ್ದರೆ ಕೂರುವುದೇ ಇಲ್ಲ. ಯಾವ ರ‍್ಯಾಮ್ ಹಾಕಬೇಕು, ಮುಂದೆ ಪ್ರೊಸೆಸರ್ ಮಾತ್ರ ಬದಲಿಸಲು ಆಗುತ್ತದಾ ಅನ್ನುವುದೂ ಸಾಕೆಟ್ ಆರಿಸುವಾಗಲೇ ತೀರ್ಮಾನವಾಗಿಬಿಡುತ್ತದೆ. ಅಂಗಡಿಯಲ್ಲಿ ಹೊಸದಾಗಿ ಕೊಳ್ಳಬಹುದಾದವು ಮುಖ್ಯವಾಗಿ ನಾಲ್ಕು.

ಎಎಂಡಿಯ ಎಎಂ4 2016ರಲ್ಲಿ ಬಂತು. ಡಿಡಿಆರ್4 ಮಾತ್ರ. ಪಿನ್‌ಗಳು ಪ್ರೊಸೆಸರ್ ಕೆಳಗೆ ಇರುತ್ತವೆ, ಒಟ್ಟು 1331. ಇಷ್ಟು ವರ್ಷ ಬಾಳಿದ ಸಾಕೆಟ್ ಅಪರೂಪ. ಕಡಿಮೆ ಬಜೆಟ್‌ನವರಿಗೆ ಇಂದಿಗೂ ಒಳ್ಳೆಯದೇ. ಆದರೆ ಇದು ಕೊನೆಯ ನಿಲ್ದಾಣದ ಹತ್ತಿರ ಬಂದ ರೈಲು. ಇನ್ನು ಐದು ವರ್ಷ ಬಿಟ್ಟು ಇದೇ ಬೋರ್ಡಿಗೆ ಹೊಸ ತಲೆಮಾರಿನ ಪ್ರೊಸೆಸರ್ ಹಾಕುತ್ತೇನೆ ಅನ್ನುವ ಆಸೆ ಇಟ್ಟುಕೊಳ್ಳಬೇಡಿ.

ಎಎಂ5 2022ರ ಸೆಪ್ಟೆಂಬರ್‌ನದ್ದು. ಡಿಡಿಆರ್5 ಮಾತ್ರ. ಇಲ್ಲಿ 1718 ಪಿನ್‌ಗಳು ಬೋರ್ಡಿನ ಸಾಕೆಟ್‌ನಲ್ಲಿವೆ. 2027 ಮತ್ತು ಅದರ ಮುಂದಕ್ಕೂ ಈ ಸಾಕೆಟ್‌ಗೆ ಬೆಂಬಲ ಇರುತ್ತದೆ ಅಂತ ಎಎಂಡಿ ಹೇಳಿದೆ. ಇವತ್ತು ರೈಝನ್ 5 7600 ಹಾಕಿ, ಕೆಲವು ವರ್ಷ ಬಿಟ್ಟು ಬೋರ್ಡ್ ಬದಲಿಸದೆ ಮೇಲಿನದಕ್ಕೆ ಹೋಗಬಹುದು. ದುಡ್ಡು ಸಾಲುವುದಾದರೆ ನನ್ನ ಮೊದಲ ಆಯ್ಕೆ ಇದೇ.

ಇಂಟೆಲ್‌ನ ಎಲ್‌ಜಿಎ 1700 2021ರ ನವೆಂಬರ್‌ನಲ್ಲಿ ಬಂತು. 12, 13, 14ನೇ ಜನರೇಷನ್ ಮೂರೂ ಇದರಲ್ಲೇ ಕೂರುತ್ತವೆ. ಇದರ ವಿಶೇಷ ಏನೆಂದರೆ ಡಿಡಿಆರ್4 ಬೋರ್ಡೂ ಸಿಗುತ್ತದೆ, ಡಿಡಿಆರ್5 ಬೋರ್ಡೂ ಸಿಗುತ್ತದೆ. ಒಂದೇ ಬೋರ್ಡಿನಲ್ಲಿ ಎರಡೂ ಅಂದುಕೊಳ್ಳಬೇಡಿ. ಬೋರ್ಡ್ ಹೆಸರಿನ ಕೊನೆಯಲ್ಲಿ ಡಿ4 ಅಥವಾ ಡಿಡಿಆರ್4 ಅಂತ ಇದೆಯಾ ನೋಡಿ ಕೊಳ್ಳಿ. ಡಿಡಿಆರ್4 ಮತ್ತು 5ರ ಸ್ಟಿಕ್‌ಗಳಲ್ಲಿ ಕೆಳಗಿನ ಸೀಳು ಬೇರೆ ಬೇರೆ ಜಾಗದಲ್ಲಿದೆ. ಒಂದು ಇನ್ನೊಂದರಲ್ಲಿ ಕೂರುವುದಿಲ್ಲ.

ಕೋರ್ ಅಲ್ಟ್ರಾ 200 ಸರಣಿಗೆ ಎಲ್‌ಜಿಎ 1851. ಡಿಡಿಆರ್5 ಮಾತ್ರ. ಹೆಚ್ಚು ಕೋರ್ ಬೇಕಿರುವ ಎಡಿಟಿಂಗ್ ಕೆಲಸಕ್ಕೆ ಚೆನ್ನಾಗಿದೆ. ಕಡಿಮೆ ಬಜೆಟ್‌ನ ಮೊದಲ ಕಂಪ್ಯೂಟರ್‌ಗೆ ಇದನ್ನು ನಾನು ಹೇಳುವುದಿಲ್ಲ.

2025ರ ಕೊನೆಯ ತಿಂಗಳುಗಳಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್ ಹೋಗುತ್ತಿರುವುದರಿಂದ ನಮ್ಮಂಥವರಿಗೆ ಸಿಗುವುದು ತುಟ್ಟಿಯಾಗಿದೆ. ಹಾಗಾಗಿ ಪ್ರೊಸೆಸರ್, ಬೋರ್ಡ್, ರ‍್ಯಾಮ್ ಮೂರರ ಬೆಲೆ ಒಟ್ಟಿಗೆ ಕೂಡಿ ಹೋಲಿಸಿ. ಎರಡನ್ನೇ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ನಮ್ಮ ಮನೆಯ ತೀರ್ಮಾನವೂ ಇದರ ಮೇಲೇ ಆಯಿತು. ನನ್ನ ಹತ್ತಿರ 8 ಜಿಬಿಯ ಎರಡು ಡಿಡಿಆರ್4 ಸ್ಟಿಕ್ ಖಾಲಿ ಬಿದ್ದಿದ್ದವು. ಎಎಂ5ಗೆ ಹೋದರೆ ಅವು ದಂಡ, ಜೊತೆಗೆ ಹೊಸ ಡಿಡಿಆರ್5ಗೆ ದುಡ್ಡು. ಉಳಿದದ್ದು ಎಎಂ4ನ 5600ಜಿ ಅಥವಾ 1700ರ ಐ5 12400. ಎರಡರಲ್ಲೂ 6 ಕೋರ್, 12 ಥ್ರೆಡ್. ಕಾರ್ಡ್ ಇಲ್ಲದೆ ಗೇಮ್ ಆಡಲು 5600ಜಿ ಮೇಲು. ಆದರೆ ಐ5ನ ಒಂದೊಂದು ಕೋರ್ ವೇಗ ಹೆಚ್ಚು. ವಿಡಿಯೋ ಬಿಚ್ಚಲು, ಕಟ್ಟಲು (ಡಿಕೋಡ್, ಎನ್‌ಕೋಡ್) ಅಂತಲೇ ಅದರಲ್ಲಿ ಕ್ವಿಕ್ ಸಿಂಕ್ ಅನ್ನುವ ಭಾಗವೂ ಇದೆ. ಅವಳಿಗೆ ಗೇಮ್‌ಗಿಂತ ಆಲೆಮನೆ ವಿಡಿಯೋ ಮುಖ್ಯ. ಐ5 12400 ಅಂತ ಅವಳೇ ಹೇಳಿದಳು.

ಹೆಜ್ಜೆ 5: ಚಿಪ್‌ಸೆಟ್

ಬೋರ್ಡಿನ ಹೆಸರಲ್ಲಿ ಬರುವ ಎಚ್610, ಬಿ760, ಬಿ550 ಇವೇ ಚಿಪ್‌ಸೆಟ್. ಎಷ್ಟು ಯುಎಸ್‌ಬಿ, ಬೋರ್ಡಿಗೇ ಸಿಕ್ಕಿಸುವ ಎಷ್ಟು ಎಂ.2 ಎಸ್‌ಎಸ್‌ಡಿ, ಓವರ್‌ಕ್ಲಾಕ್ ಇದೆಯೋ ಇಲ್ಲವೋ ಅನ್ನುವುದು ಬಹುಪಾಲು ಇದರ ಮೇಲೆ ನಿಂತಿದೆ.

ಎಎಂ4ನಲ್ಲಿ ಎ520 ಕೆಳಗಿನದು, ಬಿ550 ನಡುವಿನದು. ಎಎಂ5ನಲ್ಲಿ ಎ620 ಕೆಳಗಿನದು, ಬಿ650 ಮತ್ತು ಬಿ850 ನಡುವಿನವು. 1700ರಲ್ಲಿ ಎಚ್610 ಕೆಳಗಿನದು, ಬಿ660 ಮತ್ತು ಬಿ760 ನಡುವಿನವು, ಝಡ್690 ಮತ್ತು ಝಡ್790 ಮೇಲಿನವು. 1851ರಲ್ಲಿ ಎಚ್810, ಬಿ860, ಝಡ್890.

ಇಂಟೆಲ್‌ನಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಆಗುವುದು ಝಡ್ ಬೋರ್ಡಿನಲ್ಲಿ, ಅದೂ ಕೆ ಪ್ರೊಸೆಸರ್ ಇದ್ದರೆ. ಮೊದಲ ಕಂಪ್ಯೂಟರ್‌ಗೆ ಅದು ಬೇಡ. ಬಿ ಅಕ್ಷರದ ಬೋರ್ಡ್ ತಗೊಳ್ಳಿ. ಎಚ್610ನಲ್ಲಿ ಸಾಮಾನ್ಯವಾಗಿ ರ‍್ಯಾಮ್‌ಗೆ ಎರಡೇ ಜಾಗ, ರ‍್ಯಾಮ್ ವೇಗ ಏರಿಸಲೂ ಬಿಡುವುದಿಲ್ಲ. ಟ್ಯಾಲಿ ಮತ್ತು ಬ್ರೌಸಿಂಗ್‌ಗೆ ಐ3 12100 ಹಾಕುವವರಿಗೆ ಅದು ಸಾಕು. ಐ5 ಹಾಕಿ ಮುಂದೆ ಬೆಳೆಸುವ ಆಸೆ ಇದ್ದರೆ ಬಿ760.

ಪ್ರೊಸೆಸರ್‌ಗೆ 10 ರೂಪಾಯಿ ಕೊಟ್ಟರೆ ಬೋರ್ಡಿಗೆ 6ರಿಂದ 8 ರೂಪಾಯಿ ಅಂತ ನಾನು ಅಂದಾಜು ಇಟ್ಟುಕೊಳ್ಳುತ್ತೇನೆ. ಪ್ರೊಸೆಸರ್‌ಗಿಂತ ಬೋರ್ಡೇ ತುಟ್ಟಿ ಆಗುತ್ತಿದ್ದರೆ ನಿಂತು ಯೋಚಿಸಿ.

ಹೆಜ್ಜೆ 6: ಬೋರ್ಡನ್ನು ಕಣ್ಣಿಟ್ಟು ನೋಡಿ

ಒಂದೇ ಬಿ760 ಚಿಪ್‌ಸೆಟ್‌ನ ಎರಡು ಬೋರ್ಡ್‌ಗಳ ಬೆಲೆಯಲ್ಲಿ ದೊಡ್ಡ ಅಂತರ ಇರುತ್ತದೆ. ಆ ಅಂತರ ಎಲ್ಲಿದೆ ಅಂತ ಫೋಟೋದಲ್ಲೇ ಗುರುತಿಸಬಹುದು.

ಸಾಕೆಟ್‌ನ ಎಡಕ್ಕೆ ಮತ್ತು ಮೇಲಕ್ಕೆ ಸಣ್ಣ ಚೌಕದ ಕಪ್ಪು ಬಿಲ್ಲೆಗಳ ಸಾಲು ಇರುತ್ತದೆ. ಅದೇ ವಿಆರ್‌ಎಂ. ಎಸ್‌ಎಂಪಿಎಸ್‌ನಿಂದ ಬರುವ 12 ವೋಲ್ಟನ್ನು ಪ್ರೊಸೆಸರ್‌ಗೆ ಬೇಕಾದ ಒಂದು ವೋಲ್ಟ್ ಸುತ್ತಮುತ್ತಲಿಗೆ ಇಳಿಸುವುದು ಇದರ ಕೆಲಸ. ಆ ಕೆಲಸದಲ್ಲಿ ಬಿಸಿಯಾಗುತ್ತದೆ. ಅದರ ಮೇಲೆ ಲೋಹದ ಹೀಟ್‌ಸಿಂಕ್ ಇದೆಯಾ ನೋಡಿ. ಏಪ್ರಿಲ್‌ನಲ್ಲಿ ಮೈಸೂರು, ಮಂಡ್ಯ ಎರಡೂ 35 ಡಿಗ್ರಿ ದಾಟುತ್ತವೆ. ಅಕ್ಕನ ಮನೆಯಲ್ಲಿ ಓದುವ ಕೋಣೆ ಮಹಡಿ ಮೇಲಿದೆ, ಮೇಲೆ ಶೀಟ್. ಮಧ್ಯಾಹ್ನ ಅಲ್ಲಿ ಕೂರುವುದೇ ಕಷ್ಟ. ಅಂಥ ಕೋಣೆಯಲ್ಲಿ ಹೀಟ್‌ಸಿಂಕ್ ಇಲ್ಲದ ಬೋರ್ಡ್ ಇಟ್ಟರೆ, ವಿಡಿಯೋ ರೆಂಡರ್ ಆಗುವಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ.

ಪ್ರೊಸೆಸರ್ ಡಬ್ಬಿ ಮೇಲೆ 65 ವಾಟ್ ಅಂತ ಬರೆದಿದ್ದರೂ ಅದನ್ನೇ ಗರಿಷ್ಠ ಅಂದುಕೊಳ್ಳಬೇಡಿ. ಐ5 12400 ಜೋರು ಕೆಲಸದಲ್ಲಿ 117 ವಾಟ್‌ವರೆಗೆ ಎಳೆಯಬಹುದು. 65 ವಾಟ್‌ನ ರೈಝನ್‌ಗಳು 88 ವಾಟ್‌ವರೆಗೆ. 13, 14ನೇ ಜನರೇಷನ್‌ನ ಕೆ ಅಕ್ಷರದ ಐ7, ಐ9ಗಳು 250 ವಾಟ್ ದಾಟುತ್ತವೆ. ಕೆಳದರ್ಜೆಯ ಬೋರ್ಡಿಗೆ ಅವನ್ನು ಹಾಕುವುದು ತಪ್ಪು.

ಅಳತೆ ನೋಡಿ. ಎಟಿಎಕ್ಸ್ ಬೋರ್ಡ್ 305 ಮಿ.ಮೀ. ಉದ್ದ, 244 ಅಗಲ. ಮೈಕ್ರೋ ಎಟಿಎಕ್ಸ್ ಹೆಚ್ಚೆಂದರೆ 244ಕ್ಕೆ 244. ಮೈಕ್ರೋ ಬೋರ್ಡ್ ದೊಡ್ಡ ಕ್ಯಾಬಿನೆಟ್‌ನಲ್ಲಿ ಕೂರುತ್ತದೆ, ದೊಡ್ಡ ಬೋರ್ಡ್ ಚಿಕ್ಕ ಕ್ಯಾಬಿನೆಟ್‌ನಲ್ಲಿ ಕೂರುವುದಿಲ್ಲ. ಹೆಚ್ಚಿನ ಮನೆಗಳಿಗೆ ಮೈಕ್ರೋ ಸಾಕು. ರ‍್ಯಾಮ್‌ಗೆ ನಾಲ್ಕು ಜಾಗ, ಎಂ.2 ಎಸ್‌ಎಸ್‌ಡಿಗೆ ಎರಡು ಜಾಗ, ಹಿಂದೆ ಕನಿಷ್ಠ ಆರು ಯುಎಸ್‌ಬಿ ಇದ್ದರೆ ನೆಮ್ಮದಿ. ವೈಫೈ ಎಲ್ಲ ಬೋರ್ಡಿನಲ್ಲೂ ಇರುವುದಿಲ್ಲ, ಸಾಮಾನ್ಯವಾಗಿ ಹೆಸರಲ್ಲಿ ವೈಫೈ ಅಂತ ಬರೆದಿದ್ದರೆ ಮಾತ್ರ. ರೌಟರ್ ಪಕ್ಕದಲ್ಲೇ ಇದ್ದರೆ ಅದಕ್ಕೆ ದುಡ್ಡು ಹಾಕುವುದು ಬೇಡ.

ಹೆಜ್ಜೆ 7: ಬಯಾಸ್ ಹೊಂದುತ್ತದಾ?

ಸಾಕೆಟ್ ಒಂದೇ ಆದರೂ ಕಂಪ್ಯೂಟರ್ ಶುರುವಾಗದೇ ಇರಬಹುದು. ಬೋರ್ಡಿನೊಳಗಿನ ಬಯಾಸ್, ಅಂದರೆ ಕಂಪ್ಯೂಟರನ್ನು ಎಬ್ಬಿಸುವ ಮೂಲ ಸಾಫ್ಟ್‌ವೇರ್, ಹಳೆಯದಾಗಿದ್ದು, ಪ್ರೊಸೆಸರ್ ಅದಕ್ಕಿಂತ ಹೊಸದಾಗಿದ್ದರೆ ಬೋರ್ಡಿಗೆ ಅದರ ಗುರುತೇ ಸಿಗುವುದಿಲ್ಲ. ಬಿ450 ಬೋರ್ಡಿಗೆ 5000 ಸರಣಿ, ಬಿ660ಗೆ 13 ಅಥವಾ 14ನೇ ಜನರೇಷನ್, ಬಿ650ಗೆ 9000 ಸರಣಿ ಹಾಕುವಾಗ ಈ ತೊಂದರೆ ಬರಬಹುದು.

ಬೋರ್ಡ್ ತಯಾರಿಸಿದ ಕಂಪನಿಯ ಸೈಟ್‌ಗೆ ಹೋಗಿ, ಆ ಮಾಡೆಲ್‌ನ ಪುಟದಲ್ಲಿ ಸಿಪಿಯು ಸಪೋರ್ಟ್ ಪಟ್ಟಿ ತೆಗೆಯಿರಿ. ನಿಮ್ಮ ಪ್ರೊಸೆಸರ್ ಮುಂದೆ ಯಾವ ಬಯಾಸ್ ಆವೃತ್ತಿ ಬೇಕು ಅಂತ ಬರೆದಿರುತ್ತದೆ. ಅಂಗಡಿಯವರಿಗೆ ಆ ಆವೃತ್ತಿ ಹೇಳಿ, ಅಪ್‌ಡೇಟ್ ಮಾಡಿ ಕೊಡಲು ಕೇಳಿ. ಮಾಡಿಕೊಡುವವರು ಬಹಳ ಜನ ಇದ್ದಾರೆ.

ಕೆಲವು ಬೋರ್ಡ್‌ಗಳ ಹಿಂದೆ ಬಯಾಸ್ ಫ್ಲ್ಯಾಶ್‌ಬ್ಯಾಕ್ ಗುಂಡಿ ಇರುತ್ತದೆ. ಅದಿದ್ದರೆ ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಬಯಾಸ್ ಹಾಕಬಹುದು. ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರಬೇಕು, ಫೈಲ್ ಹೆಸರು ಕೈಪಿಡಿಯಲ್ಲಿ ಹೇಳಿದಂತೆಯೇ ಇರಬೇಕು. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೆ ಬೋರ್ಡ್ ಎದ್ದೇಳದೇ ಹೋಗಬಹುದು. ಮಳೆ, ಗಾಳಿ ಇರುವ ಸಂಜೆ ಈ ಕೆಲಸಕ್ಕೆ ಕೈ ಹಾಕಬೇಡಿ. ಯುಪಿಎಸ್ ಇದ್ದರೆ ಅದಕ್ಕೆ ಸಿಕ್ಕಿಸಿ ಮಾಡಿ.

13, 14ನೇ ಜನರೇಷನ್ ಇಂಟೆಲ್ ಕೊಳ್ಳುವವರಿಗೆ ಇದು ಇನ್ನೂ ಮುಖ್ಯ. ಆ ಪೈಕಿ ಮೇಲಿನ ದರ್ಜೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಎಳೆದು ಹಾಳಾಗುತ್ತಿದ್ದವು. 2024ರಲ್ಲಿ ಇಂಟೆಲ್ ಇದನ್ನು ಒಪ್ಪಿಕೊಂಡು ಆಗಸ್ಟ್‌ನಲ್ಲಿ ಸರಿಪಡಿಸುವ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಸೂಚನೆಗಳ ಅಪ್‌ಡೇಟ್) ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಆ ಮೈಕ್ರೋಕೋಡ್ ಬರುವುದು ಬಯಾಸ್ ಮೂಲಕ. ಆದ್ದರಿಂದ ಮೊದಲ ದಿನವೇ ಹೊಸ ಬಯಾಸ್ ಹಾಕಿ. 12ನೇ ಜನರೇಷನ್‌ಗೆ ಈ ಸಮಸ್ಯೆ ಇಲ್ಲ. ನಾವು 12400 ಕಡೆ ವಾಲಿದ್ದಕ್ಕೆ ಇದೂ ಒಂದು ಕಾರಣ. 1700ರ ಯಾವ ಬೋರ್ಡಾದರೂ ಅದನ್ನು ಡಬ್ಬಿಯಿಂದ ತೆಗೆದ ಹಾಗೇ ಗುರುತಿಸುತ್ತದೆ.

ಹೆಜ್ಜೆ 8: ಕೊಳ್ಳುವಾಗ

ಮೈಸೂರಿನ ಎರಡು ಅಂಗಡಿಯಲ್ಲಿ, ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ, ಆನ್‌ಲೈನ್‌ನಲ್ಲಿ ಬೆಲೆ ಕೇಳಿದೆವು. ಎಸ್‌ಪಿ ರೋಡಿನಲ್ಲಿ ಆಯ್ಕೆ ಜಾಸ್ತಿ. ಆದರೆ ಬೋರ್ಡಿನಲ್ಲಿ ಏನಾದರೂ ತೊಂದರೆ ಬಂದರೆ ಮತ್ತೆ ಅಷ್ಟು ದೂರ ಹೋಗಬೇಕು. ಅಂತರ ಸಾವಿರದೊಳಗೆ ಇದ್ದರೆ ಮೈಸೂರಲ್ಲೇ ಕೊಳ್ಳುವುದು ಒಳ್ಳೆಯದು ಅಂತ ನಾನು ಹೇಳುತ್ತೇನೆ. ನಾವೂ ಹಾಗೇ ಮಾಡಿದೆವು. ಎರಡನ್ನೂ ಒಂದೇ ಅಂಗಡಿಯಲ್ಲಿ ಕೊಂಡರೆ, ಕಂಪ್ಯೂಟರ್ ಶುರುವಾಗದಿದ್ದಾಗ "ಬೋರ್ಡಿಂದಲ್ಲ, ಪ್ರೊಸೆಸರ್‌ದು" ಅಂತ ಯಾರೂ ಜಾರಿಕೊಳ್ಳುವ ಹಾಗಿಲ್ಲ.

ಪ್ರೊಸೆಸರ್ ಸೀಲ್ ಆದ ಡಬ್ಬಿಯಲ್ಲೇ ಇರಲಿ. ಡಬ್ಬಿ ಇಲ್ಲದ ಟ್ರೇ ಪೀಸ್ ಸ್ವಲ್ಪ ಅಗ್ಗಕ್ಕೆ ಸಿಗುತ್ತದೆ. ಅದಕ್ಕೆ ಕೂಲರ್ ಬರುವುದಿಲ್ಲ, ಡಬ್ಬಿಯ ಪ್ರೊಸೆಸರ್‌ಗೆ ಕಂಪನಿ ನೇರವಾಗಿ ಕೊಡುವ 3 ವರ್ಷದ ವಾರಂಟಿಯೂ ಇರುವುದಿಲ್ಲ. ಬಿಲ್ ಇಲ್ಲದೆ ಕೊಟ್ಟರೆ ಕಡಿಮೆ ಮಾಡ್ತೀವಿ ಅನ್ನುವ ಮಾತಿಗೆ ಒಪ್ಪಬೇಡಿ. 18% ಜಿಎಸ್‌ಟಿ ಕೊಟ್ಟು ನಿಮ್ಮ ಹೆಸರಿಗೆ ಬಿಲ್ ಮಾಡಿಸಿ. ಬಿಲ್ಲಿನಲ್ಲಿ ಎರಡರ ಪೂರ್ತಿ ಮಾಡೆಲ್ ಮತ್ತು ಸೀರಿಯಲ್ ನಂಬರ್ ಇರಲಿ. ಅಂಗಡಿಯಲ್ಲೇ ನಿಂತು ಡಬ್ಬಿ ಜೊತೆ ತಾಳೆ ನೋಡಿ.

ಹೆಜ್ಜೆ 9: ಕ್ಯಾಬಿನೆಟ್‌ಗೆ ಹಾಕುವ ಮೊದಲೇ ಪರೀಕ್ಷಿಸಿ

ಬೋರ್ಡ್ ಡಬ್ಬಿ ತೆರೆಯುವುದನ್ನು ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಳ್ಳಿ. ಎಎಂ5, 1700, 1851 ಬೋರ್ಡ್‌ಗಳಲ್ಲಿ ಪಿನ್ ಸಾಕೆಟ್‌ನಲ್ಲಿರುವುದರಿಂದ ಮೊದಲು ನೋಡಬೇಕಾದದ್ದು ಅದನ್ನೇ. ಲಿವರ್ ಎತ್ತಿ, ಮೇಲಿನ ತಗಡು ತೆರೆದು, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಪಿನ್‌ಗಳೆಲ್ಲ ನಾಟಿ ಮಾಡಿದ ಗದ್ದೆಯ ಸಾಲಿನ ಹಾಗೆ ಒಂದೇ ಸಮ ಹೊಳೆಯಬೇಕು. ಒಂದು ಬಾಗಿದ್ದರೂ ಆ ಜಾಗದಲ್ಲಿ ಹೊಳಪು ತಪ್ಪುತ್ತದೆ. ಹಾಗೆ ಕಂಡರೆ ಮುಟ್ಟದೆ ಮುಚ್ಚಿ, ಅಂದೇ ಅಂಗಡಿಗೆ ಒಯ್ಯಿರಿ.

ಪ್ರೊಸೆಸರ್‌ನ ಒಂದು ಮೂಲೆಯಲ್ಲಿ ಸಣ್ಣ ತ್ರಿಕೋನ ಇದೆ, ಸಾಕೆಟ್ ಹತ್ತಿರವೂ ಇದೆ. ಎರಡನ್ನೂ ಹೊಂದಿಸಿ, ಅಂಚು ಹಿಡಿದು, ಸುಮ್ನೆ ಇಡಿ. ಒತ್ತಬೇಡಿ, ಅದರ ಭಾರಕ್ಕೆ ಅದೇ ಕೂರುತ್ತದೆ. 1700ರಲ್ಲಿ ತಗಡಿನ ಮೇಲಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳವನ್ನು ಮೊದಲೇ ಕೀಳಬೇಡಿ. ತಗಡು ಮುಚ್ಚಿ ಲಿವರ್ ಇಳಿಸುವಾಗ ಅದೇ ಹಾರಿ ಬರುತ್ತದೆ. ಲಿವರ್ ಗಟ್ಟಿಯಾಗಿರುತ್ತದೆ, ಕಿರ್ ಅಂತ ಸದ್ದೂ ಬರುತ್ತದೆ. ನಮ್ಮ ಹುಡುಗಿ ಅರ್ಧಕ್ಕೆ ನಿಲ್ಲಿಸಿ, "ಮಾವ, ಮುರಿದುಹೋಯ್ತಾ?" ಅಂತ ಕೈ ಹಿಂದೆಗೆದಳು. "ಇಲ್ಲ ಕಣೇ, ಹಾಗೇ ಒತ್ತು" ಅಂದೆ. ಪ್ರೊಸೆಸರ್ ಸರಿಯಾಗಿ ಕೂತಿದ್ದರೆ ಆ ಸದ್ದು ಸಹಜವೇ.

ಬೋರ್ಡನ್ನು ಅದರ ರಟ್ಟಿನ ಡಬ್ಬಿ ಮೇಲೆ ಇಡಿ. ರ‍್ಯಾಮ್ ಎರಡು ಸ್ಟಿಕ್ ಇದ್ದು, ಜಾಗ ನಾಲ್ಕಿದ್ದರೆ ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಜಾಗಕ್ಕೆ ಹಾಕಿ. ಕೂಲರ್ ಕೂರಿಸಿ, ಅದರ ವೈರನ್ನು ಸಿಪಿಯು ಫ್ಯಾನ್ ಅಂತ ಬರೆದ ಪಿನ್‌ಗೆ ಸಿಕ್ಕಿಸಿ. ಎಸ್‌ಎಂಪಿಎಸ್‌ನ 24 ಪಿನ್ ಕೇಬಲ್, ಜೊತೆಗೆ ಸಾಕೆಟ್ ಮೇಲ್ಭಾಗದ 8 ಪಿನ್ ಕೇಬಲ್. ಎರಡನೆಯದನ್ನು ಮರೆಯುವವರೇ ಜಾಸ್ತಿ. ಮಾನಿಟರ್ ಕೇಬಲನ್ನು ಬೋರ್ಡಿಗೆ ಹಾಕಿ, ಪವರ್ ಸ್ವಿಚ್‌ನ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿ.

ಮೊದಲ ಸಲ ಪರದೆ ಬರಲು ಹೊತ್ತು ಹಿಡಿಯುತ್ತದೆ. ಡಿಡಿಆರ್5 ಬೋರ್ಡ್‌ಗಳಲ್ಲಿ, ಅದರಲ್ಲೂ ಎಎಂ5ನಲ್ಲಿ, ರ‍್ಯಾಮ್ ಹೊಂದಿಸಿಕೊಳ್ಳಲು ಕೆಲವು ನಿಮಿಷವೇ ಆಗಬಹುದು. ಗಾಬರಿಯಾಗಿ ಕರೆಂಟ್ ತೆಗೆಯಬೇಡಿ.

ಬಯಾಸ್ ಪರದೆಯಲ್ಲಿ ಪ್ರೊಸೆಸರ್ ಹೆಸರು, ರ‍್ಯಾಮ್ ಎಷ್ಟು, ಡಿಗ್ರಿ ಎಷ್ಟು ನೋಡಿ. ಏನೂ ಕೆಲಸ ಇಲ್ಲದಾಗಲೂ ಡಿಗ್ರಿ ಏರುತ್ತಲೇ ಇದ್ದರೆ ಕೂಲರ್ ಸರಿಯಾಗಿ ಕೂತಿಲ್ಲ. ಇಂಟೆಲ್ ಡಬ್ಬಿಯ ಕೂಲರ್‌ಗೆ ನಾಲ್ಕು ಮೂಲೆಯಲ್ಲೂ ಟಿಕ್ ಅನ್ನುವ ಸದ್ದು ಬರಬೇಕು. ರ‍್ಯಾಮ್‌ನ ಪೂರ್ತಿ ವೇಗಕ್ಕೆ ಎಕ್ಸ್‌ಎಂಪಿ, ಎಎಂ5 ಆದರೆ ಎಕ್ಸ್‌ಪೋ, ಆನ್ ಮಾಡಿ. ವಿಂಡೋಸ್ 11 ಹಾಕುವವರು ಅದು ಕೇಳುವ ಭದ್ರತಾ ಸೌಲಭ್ಯವಾದ ಟಿಪಿಎಂ ಆನ್ ಇದೆಯಾ ನೋಡಿ. ಇಂಟೆಲ್‌ನಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ.

ನಮ್ಮದರಲ್ಲಿ ಐ5 12400, 16 ಜಿಬಿ, 38 ಡಿಗ್ರಿ ಅಂತ ಬಂತು. ಅವಳು ಅದರ ಫೋಟೋ ತೆಗೆದು ಅಪ್ಪನಿಗೆ ತೋರಿಸಲು ಕೆಳಗೆ ಓಡಿದಳು. ಹಾರಿ ಬಂದ ಆ ಪ್ಲಾಸ್ಟಿಕ್ ಮುಚ್ಚಳ ಚಾಪೆ ಮೇಲೇ ಬಿದ್ದಿತ್ತು. ಬೋರ್ಡ್ ವಾರಂಟಿಗೆ ಕಳಿಸಬೇಕಾಗಿ ಬಂದರೆ ಸಾಕೆಟ್ ಮೇಲೆ ಅದು ಇರಲೇಬೇಕು. ಅಕ್ಕ ಕಸ ಅಂತ ಗುಡಿಸುವ ಮೊದಲೇ ಅದನ್ನು ಬಿಲ್ ಜೊತೆ ಒಂದು ಕವರಿನಲ್ಲಿ ಹಾಕಿ ಬೀರುವಿನಲ್ಲಿ ಇಟ್ಟೆವು.